ಮುದ್ದೇಪಲ್ಲಿಯ ಪ್ರತಿನಿಧಿ

ಯಲ್ದೂರು ಹೋಬಳಿಯ ಮುದ್ದೇಪಲ್ಲಿಯಿಂದ ಅದುವರೆಗೆ ಯಾರೂ ಯಾವ ಪಕ್ಷದ ಪ್ರತಿನಿಧಿಯಾಗಿಯೂ ಎಲ್ಲಿಗೂ ಹೋದವರಲ್ಲ. ಚುನಾವಣೆ ಬಂದಾಗ ಶ್ರೀನಿವಾಸಪುರದಿಂದ ಜೀಪು ಬರುತ್ತಿತ್ತು, ಮೈಕಿನಲ್ಲಿ ಒಂದು ಹೆಸರು ಹೇಳುತ್ತಿದ್ದರು, ಊರಿನವರು ಹೋಗಿ ಆ ಹೆಸರಿನ ಮುಂದೆ ಮುದ್ರೆ ಒತ್ತಿ ಬರುತ್ತಿದ್ದರು. ಆ ಹೆಸರನ್ನು ಎಲ್ಲಿ ಕೂತು ಯಾರು ಆರಿಸಿದರು ಎಂದು ಕೇಳುವ ಅಭ್ಯಾಸ ಯಾರಿಗೂ ಇರಲಿಲ್ಲ.

ಎಪ್ಪತ್ತೆಂಟನೇ ಇಸವಿಯಲ್ಲಿ ಪಕ್ಷ ಒಡೆದು ಎರಡಾಗಿತ್ತು. ಜನ ಕೈಬಿಟ್ಟು ಹೋಗುತ್ತಾರೆಂಬ ಭಯಕ್ಕೋ ಏನೋ, ಮೇಲಿನವರು ಒಂದು ಹೊಸ ಕ್ರಮ ತಂದರು. ವಿಧಾನ ಪರಿಷತ್ತಿಗೆ ಜಿಲ್ಲೆಯಿಂದ ಯಾರು ನಿಲ್ಲಬೇಕೆಂಬುದನ್ನು ಈ ಸಲ ಕಾರ್ಯಕರ್ತರೇ ತೀರ್ಮಾನಿಸುತ್ತಾರೆ ಎಂದರು. ಪ್ರತಿ ಹಳ್ಳಿಯ ಸದಸ್ಯರು ಸಭೆ ಸೇರಿ, ಕೈ ಎತ್ತಿ, ಒಬ್ಬ ಪ್ರತಿನಿಧಿಯನ್ನು ಆರಿಸಬೇಕು. ಆ ಪ್ರತಿನಿಧಿಗಳೆಲ್ಲ ಕೋಲಾರದ ಸಮಾವೇಶಕ್ಕೆ ಹೋಗಿ, ತಮಗೆ ಬೇಕಾದವನಿಗೆ ಚೀಟಿ ಹಾಕಬೇಕು.

ನಿಲ್ಲಲು ಹಟ ಹಿಡಿದಿದ್ದವರು ಇಬ್ಬರು. ಒಬ್ಬರು ಶ್ರೀನಿವಾಸಪುರದ ಮಾವಿನ ಮಂಡಿ ಸಾಹುಕಾರ ವೆಂಕಟರಮಣಪ್ಪ. ಇನ್ನೊಬ್ಬರು ಮಾಲೂರಿನಲ್ಲಿ ಇಟ್ಟಿಗೆ ಗೂಡುಗಳಿದ್ದ ಕೋದಂಡರಾಮಪ್ಪ. ಮಾಲೂರು, ಕೋಲಾರದ ಕಡೆಯವರು ಕೋದಂಡರಾಮಪ್ಪನ ಹಿಂದೆ, ಶ್ರೀನಿವಾಸಪುರ, ಮುಳಬಾಗಿಲಿನವರು ವೆಂಕಟರಮಣಪ್ಪನ ಹಿಂದೆ. ಎರಡು ಕಡೆಯೂ ಬಲ ಸರಿಸಮ ಎಂದು ಬಸ್ಸಿನಲ್ಲಿ, ಹೋಟೆಲಿನಲ್ಲಿ ಮಾತಾಗಿತ್ತು.

ಮುದ್ದೇಪಲ್ಲಿಯ ಸಭೆ ಶಾಲೆಯ ಜಗಲಿಯ ಮೇಲೆ ನಡೆಯಿತು. ವೆಂಕಟರಮಣಪ್ಪ ತಮ್ಮ ಷಡ್ಡಕನ ಹೆಸರು ಹೇಳಿ ಕಳಿಸಿದ್ದರು. ಆ ಹೆಸರನ್ನು ಹೇಳಿದಾಗ ಜನ ಸುಮ್ಮನೆ ಕೂತರು. ಆಮೇಲೆ ಯಾರೋ ಹಿಂದಿನಿಂದ, "ಚನ್ನರಾಯಪ್ಪ ಹೋಗ್ಲಿ ಬಿಡಪ್ಪಾ," ಎಂದರು. ಒಂದೊಂದೇ ಕೈ ಮೇಲೆದ್ದವು. ಹೆಂಗಸರ ಸಾಲಿನಲ್ಲಿ ಮೊದಲು ಎದ್ದದ್ದು ಚನ್ನರಾಯಪ್ಪನ ಹೆಂಡತಿ ಭಾರತಮ್ಮನ ಕೈ. ಅದನ್ನು ಕಂಡು ಪಕ್ಕದವರು ನಕ್ಕರು. ಅವಳು ಕೈ ಇಳಿಸಲಿಲ್ಲ.

ಚನ್ನರಾಯಪ್ಪನಿಗೆ ಆಗ ನಲವತ್ತರ ಹತ್ತಿರ. ಹಿಪ್ಪುನೇರಳೆ ತೋಟ, ಒಂದಿಷ್ಟು ರಾಗಿ ಹೊಲ, ಮನೆಯಲ್ಲಿ ರೇಷ್ಮೆ ಹುಳು ಸಾಕಣೆ. ಹೆಚ್ಚು ಮಾತಿಲ್ಲದ ಮನುಷ್ಯ. ಕೆರೆ ನೀರಿನ ಸರದಿಗೆ ಊರಿನಲ್ಲಿ ಜಗಳ ಬಿದ್ದರೆ ಎರಡು ಕಡೆಯವರೂ ಅವನನ್ನು ಕರೆಯುತ್ತಿದ್ದರು. ಮದುವೆಯಾಗಿ ಬಹಳ ವರ್ಷಗಳ ಮೇಲೆ ಹುಟ್ಟಿದ ಒಬ್ಬಳೇ ಮಗಳು, ಆಂಜಿನಮ್ಮ. ಎರಡನೇ ಕ್ಲಾಸಿನಲ್ಲಿದ್ದಳು. ಅಪ್ಪ ಈಗ ಏನಾಗಿದ್ದಾನೆ ಎಂದು ಅವಳಿಗೆ ಅರ್ಥವಾಗದಿದ್ದರೂ, ಶಾಲೆಯಲ್ಲಿ ಎಲ್ಲರಿಗೂ, "ನಮ್ಮಪ್ಪ ಡೆಲಿಗೇಟು," ಎಂದು ಹೇಳಿಕೊಂಡು ಬಂದಿದ್ದಳು.

ಸಮಾವೇಶಕ್ಕೆ ಇನ್ನೂ ನಾಲ್ಕೈದು ದಿನ ಇರುವಾಗ ವೆಂಕಟರಮಣಪ್ಪನ ಜೀಪು ಮನೆ ಮುಂದೆ ನಿಂತಿತು. ಇಳಿದವನು ಕದಿರೇಶ. ಮಂಡಿಯ ಲಾರಿಗಳನ್ನು ನೋಡಿಕೊಳ್ಳುತ್ತಿದ್ದ, ಸಾಹುಕಾರರ ಎಲ್ಲ ಕೆಲಸಕ್ಕೂ ಮುಂದೆ ನಿಲ್ಲುವ ಗಟ್ಟಿ ಆಳು.

"ಅಣ್ಣ ಎಲ್ಲಾ ಪ್ರತಿನಿಧಿಗಳ್ನೂ ಒಂದ್ಕಡೆ ಸೇರಿಸ್ತಾ ಇದಾರೆ. ಮಾಲೂರಿನೋರು ಮನೆಮನೆಗೆ ಬಂದು ತಲೆ ಕೆಡಿಸ್ತಾರೆ. ಬಟ್ಟೆ ತಗೊಂಡ್ಬಾ," ಎಂದ.

"ನಾನು ಯಾರ ಹತ್ರಾನೂ ಏನೂ ಇಸ್ಕೊಳ್ಳೋನಲ್ಲ ಕದಿರೇಶ. ಆ ದಿನಕ್ಕೆ ಬಸ್ಸಲ್ಲಿ ಬರ್ತೀನಿ."

"ನಿನ್ನ ಮೇಲೆ ನಂಬಿಕೆ ಇಲ್ಲ ಅಂತ ಅಲ್ಲ. ಎಲ್ರೂ ಬಂದು ನೀನೊಬ್ಬ ಬರ್ದಿದ್ರೆ ಜನ ಏನಂತಾರೆ? ಅಣ್ಣ ಖುದ್ದಾಗಿ ನಿನ್ನ ಹೆಸ್ರು ಹೇಳಿ ಕಳಿಸಿದಾರೆ."

ಖುದ್ದಾಗಿ ಎಂಬ ಮಾತು ಚನ್ನರಾಯಪ್ಪನ ಮನಸ್ಸಿಗೆ ಹಿಡಿಸಿತು. ಒಳಗೆ ಹೋಗಿ ಪಂಚೆ, ಶರ್ಟು ಚೀಲಕ್ಕೆ ಹಾಕಿಕೊಂಡ. ಭಾರತಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು.

"ಮಗು ಮೈ ಬೆಚ್ಚಗದೆ. ಬೆಳಿಗ್ಗೆ ಗಂಜೀನೂ ಕುಡೀಲಿಲ್ಲ."

ಅವನು ಆಂಜಿನಮ್ಮನ ಕುತ್ತಿಗೆ ಮುಟ್ಟಿ ನೋಡಿದ. "ಚಳಿಗೆ ಬಂದಿರೋ ಜ್ವರ. ಸಂಜೆಗೆ ಬಿಡುತ್ತೆ. ಜಾಸ್ತಿಯಾದ್ರೆ ಮುನಿಕೃಷ್ಣನ್ನ ಕರೆಸ್ಕೊ. ನಾನು ಎಲ್ಲಿದೀನಿ ಅಂತ ಮಂಡೀಲಿ ಕೇಳಿದ್ರೆ ಹೇಳ್ತಾರೆ."

ಮುನಿಕೃಷ್ಣಪ್ಪ ಭಾರತಮ್ಮನ ತಮ್ಮ, ಯಲ್ದೂರಿನಲ್ಲಿ ಸೈಕಲ್ ಷಾಪು ಇಟ್ಟುಕೊಂಡಿದ್ದ. ಆ ಮಾತು ಹೇಳಿ ಚನ್ನರಾಯಪ್ಪ ಜೀಪು ಹತ್ತಿದ.

ಕರೆದುಕೊಂಡು ಹೋದದ್ದು ಮುಳಬಾಗಿಲು ದಾಟಿ ನಂಗಲಿ ಹತ್ತಿರದ ಒಂದು ತೋಟಕ್ಕೆ. ಸುತ್ತ ಕಲ್ಲಿನ ಗೋಡೆ, ಒಳಗೆ ಮಾವಿನ ಮರಗಳ ನಡುವೆ ಉದ್ದನೆಯ ಹೆಂಚಿನ ಮನೆ. ಹೆದ್ದಾರಿಯಲ್ಲಿ ಆಂಧ್ರದ ಕಡೆ ಹೋಗುವ ಲಾರಿಗಳ ಸದ್ದು ಹಗಲೆಲ್ಲ ಕೇಳುತ್ತಿತ್ತು. ಎರಡು ತಾಲೂಕಿನ ಪ್ರತಿನಿಧಿಗಳೂ ಅಲ್ಲಿದ್ದರು. ಗೇಟಿನಲ್ಲಿ ಕದಿರೇಶ ಕುರ್ಚಿ ಹಾಕಿಕೊಂಡು ಕೂತ.

ಚನ್ನರಾಯಪ್ಪನಿಗೆ ಪಕ್ಕದ ಚಾಪೆಯವನಾಗಿ ಸಿಕ್ಕವನು ಪೆದ್ದಪ್ಪ. ಶ್ರೀನಿವಾಸಪುರದ ಆಚೆಯ ಹಳ್ಳಿಯ ವಯಸ್ಸಾದ ಮನುಷ್ಯ. ಮಾತಿಗೆ ಮುಂಚೆ ತೆಲುಗು ಬರುತ್ತಿತ್ತು, ಆಮೇಲೆ ಕನ್ನಡ. ಅವನ ಮಗನಿಗೆ ಮಂಡಿಯಲ್ಲಿ ಗುಮಾಸ್ತೆ ಕೆಲಸ ಕೊಡುತ್ತೇನೆಂದು ವೆಂಕಟರಮಣಪ್ಪ ಹೇಳಿದ್ದರು. ಅದನ್ನು ಅವನು ಮೊದಲ ದಿನವೇ ಚನ್ನರಾಯಪ್ಪನಿಗೆ ಹೇಳಿಕೊಂಡ.

ಊಟಕ್ಕೆ ದಿನವೂ ಬಾಡು, ಮುದ್ದೆ, ಅನ್ನ. ಬಡಿಸುವವರು ಕೂಡ "ಪ್ರತಿನಿಧಿಗಳೇ, ಇನ್ನೊಂಚೂರು," ಎಂದು ಬಗ್ಗಿ ಕೇಳುತ್ತಿದ್ದರು. ಮೊದಲ ದಿನ ಚನ್ನರಾಯಪ್ಪನಿಗೆ ಅದು ಮುಜುಗರ. ಎರಡನೇ ದಿನ ಅಷ್ಟಾಗಲಿಲ್ಲ. ಸಂಜೆ ವೆಂಕಟರಮಣಪ್ಪ ಬಂದು ಮರದ ಕೆಳಗೆ ಎಲ್ಲರ ಜೊತೆ ಚಾಪೆಯ ಮೇಲೆಯೇ ಕೂತು, "ಚನ್ನರಾಯಪ್ಪ, ಯಲ್ದೂರು ಕೆರೆ ಕಾಲುವೆ ಬಗ್ಗೆ ನಿನ್ನ ಅಭಿಪ್ರಾಯ ಏನು?" ಎಂದು ಕೇಳಿದರು. ಅವನು ಹೇಳಿದ. ಅವರು ತಲೆ ಆಡಿಸಿದರು. ಅಷ್ಟು ದೊಡ್ಡ ಮನುಷ್ಯ ತನ್ನ ಮಾತು ಕೇಳಿದ್ದು ಅವನಿಗೆ ಬದುಕಿನಲ್ಲಿ ಅದೇ ಮೊದಲು.

ಮಾರನೆಯ ದಿನ ಅವನಿಗೆ ಮನೆ ನೆನಪು ಬಲವಾಗಿ ಬಂತು. ಗೇಟಿಗೆ ಹೋದ.

"ಕದಿರೇಶ, ಮಗೂಗೆ ಜ್ವರ ಇತ್ತು. ಒಂದ್ಸಲ ನೋಡ್ಕೊಂಡು ಬಂದ್ಬಿಡ್ತೀನಿ. ನಾಳೆ ಮಧ್ಯಾಹ್ನಕ್ಕೆ ಇಲ್ಲೇ ಇರ್ತೀನಿ."

"ಅಣ್ಣ ನೆನ್ನೇನೇ ಆಳು ಕಳಿಸಿ ಎಲ್ರ ಮನೇನೂ ವಿಚಾರಿಸಿದಾರೆ. ನಿನ್ನ ಮಗು ಆಟ ಆಡ್ಕೊಂಡದಂತೆ," ಎಂದ ಕದಿರೇಶ.

"ಹೌದಾ? ಯಾರು ಹೋಗಿದ್ರು?"

"ಮಂಡಿ ಹುಡುಗ. ಯಾಕೆ, ನಾನು ಸುಳ್ಳು ಹೇಳ್ತೀನಾ?"

ಚನ್ನರಾಯಪ್ಪ ಇನ್ನೂ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಆ ಉತ್ತರ ನಿಜವಾಗಿರಲಿ ಎಂದು ಅವನಿಗೇ ಆಸೆಯಿತ್ತು. ತಿರುಗಿ ಬಂದು ಊಟಕ್ಕೆ ಕೂತ.

ಮುದ್ದೇಪಲ್ಲಿಯಲ್ಲಿ ಅಷ್ಟು ಹೊತ್ತಿಗೆ ಮಗುವಿಗೆ ಜ್ವರ ತಲೆಗೇರಿತ್ತು. ಕುತ್ತಿಗೆ ಸೆಟೆದುಕೊಂಡು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡು ಒಂದು ಸಲ ಫಿಟ್ಸ್ ಬಂದಿತ್ತು. ಆ ವರ್ಷ ಜಿಲ್ಲೆಯಲ್ಲಿ ಮೆದುಳು ಜ್ವರ ಹರಡಿತ್ತು, ಅಲ್ಲೊಂದು ಇಲ್ಲೊಂದು ಊರಿನಲ್ಲಿ ಮಕ್ಕಳು ಹೋಗಿದ್ದವು. ಮುನಿಕೃಷ್ಣಪ್ಪ ಸುದ್ದಿ ಕೇಳಿದವನೇ ಅಕ್ಕನನ್ನೂ ಮಗುವನ್ನೂ ಬಸ್ಸು ಹತ್ತಿಸಿ ಕೋಲಾರದ ದೊಡ್ಡಾಸ್ಪತ್ರೆಗೆ ಸೇರಿಸಿದ. ಡಾಕ್ಟರು ನೋಡಿ, ಬೆನ್ನಿನಿಂದ ನೀರು ತೆಗೆದು, "ತಂದೆ ಎಲ್ಲಿ? ಕರೆಸಿ," ಎಂದರು. ಭಾರತಮ್ಮ ತಮ್ಮನ ಕಡೆ ನೋಡಿದಳು.

ಮುನಿಕೃಷ್ಣಪ್ಪ ಮೊದಲು ಶ್ರೀನಿವಾಸಪುರದ ಮಂಡಿಗೆ ಹೋದ. ಅಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ, ಗೊತ್ತಿದ್ದವರು ಹೇಳಲಿಲ್ಲ. ಮುಳಬಾಗಿಲಿಗೆ ಬಂದು ಬಸ್ ಸ್ಟ್ಯಾಂಡಿನಲ್ಲಿ ಕಂಡಕಂಡವರನ್ನು ಕೇಳಿದ. ಕೊನೆಗೆ ನಂಗಲಿಯಲ್ಲಿ ಟೀ ಕುಡಿಯುತ್ತಿದ್ದ ಒಬ್ಬ ಲಾರಿ ಡ್ರೈವರು, ತಾನು ಆ ತೋಟಕ್ಕೆ ಅಕ್ಕಿ ಮೂಟೆ ಇಳಿಸಿದ್ದಾಗಿ ಹೇಳಿದ. ಮರುದಿನ ಹೊತ್ತು ಏರುವ ಮುಂಚೆ ಮುನಿಕೃಷ್ಣಪ್ಪ ಗೇಟಿನ ಮುಂದೆ ನಿಂತಿದ್ದ. ಅದು ಸಮಾವೇಶದ ಹಿಂದಿನ ದಿನ.

"ನಮ್ ಭಾವನ್ನ ಕರೀರಿ. ಮುದ್ದೇಪಲ್ಲಿ ಚನ್ನರಾಯಪ್ಪ. ಮಗೂಗೆ ತುಂಬಾ ಸೀರಿಯಸ್ಸು, ಕೋಲಾರದಲ್ಲಿ ಹಾಕಿದೀವಿ," ಎಂದ.

ಕದಿರೇಶ ಕುರ್ಚಿಯಿಂದ ಏಳದೆ ಒಂದು ಗಳಿಗೆ ಅವನನ್ನೇ ನೋಡಿದ. ಒಳಗೆ ಹೋಗಿ ಬಂದ.

"ಇಲ್ಲಿಲ್ಲಪ್ಪ. ಬೆಳಿಗ್ಗೇನೇ ಒಂದು ಗುಂಪನ್ನ ಚಿತ್ತೂರಿಗೆ ಕಳಿಸಿದ್ರು. ಅದ್ರಲ್ಲಿ ಹೋದ."

"ಚಿತ್ತೂರಲ್ಲಿ ಎಲ್ಲಿ?"

"ಅದು ನಂಗೆ ಗೊತ್ತಿಲ್ಲ. ಬಂದ್ರೆ ಹೇಳ್ತೀನಿ."

ಗೋಡೆಯ ಒಳಬದಿಯಲ್ಲಿ, ಹತ್ತು ಮಾರು ದೂರದಲ್ಲಿ, ಪೆದ್ದಪ್ಪ ಬೇವಿನ ಕಡ್ಡಿಯಿಂದ ಹಲ್ಲುಜ್ಜುತ್ತಾ ನಿಂತಿದ್ದ. ಎಲ್ಲವೂ ಕೇಳಿಸಿತು. ಚನ್ನರಾಯಪ್ಪ ಮನೆಯ ಹಿಂದೆ ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಾನೆಂದೂ ಅವನಿಗೆ ಗೊತ್ತಿತ್ತು. ಕದಿರೇಶ ಅವನ ಕಡೆ ತಿರುಗಿ, "ಪೆದ್ದಪ್ಪಾ, ನೋರು ಮೂಸ್ಕೋ. ಒಂದು ದಿನದ ಮಾತು," ಎಂದು ತೆಲುಗಿನಲ್ಲಿ ಬಾಯಿ ಮುಚ್ಚಿಸಿದ. ಪೆದ್ದಪ್ಪ ಬಾಯಿ ಮುಕ್ಕಳಿಸಿ ಒಳಗೆ ಹೋದ. ಆ ದಿನ ಅವನು ಸರಿಯಾಗಿ ಉಣ್ಣಲಿಲ್ಲ. ಯಾಕೆ ಎಂದು ಚನ್ನರಾಯಪ್ಪ ಕೇಳಿದ್ದಕ್ಕೆ, ಹೊಟ್ಟೆ ಸರಿಯಿಲ್ಲ ಎಂದ.

ಮರುದಿನ ಬೆಳಿಗ್ಗೆ ಎರಡು ಬಸ್ಸುಗಳಲ್ಲಿ ಎಲ್ಲರನ್ನೂ ಕೋಲಾರಕ್ಕೆ ತಂದರು. ಸಮಾವೇಶ ಒಂದು ಮದುವೆ ಛತ್ರದಲ್ಲಿ. ಬಸ್ಸು ಆಸ್ಪತ್ರೆಯ ಮುಂದಿನಿಂದಲೇ ಹಾದುಹೋಯಿತು. ಚನ್ನರಾಯಪ್ಪ ಆಗ ಕಿಟಕಿಯ ಪಕ್ಕದಲ್ಲಿ ಕೂತು, ಒಗೆದ ಶರ್ಟಿನ ಕಾಲರು ಸರಿ ಮಾಡಿಕೊಳ್ಳುತ್ತಿದ್ದ.

ಛತ್ರದ ಒಂದು ಬದಿಗೆ ಮಾಲೂರಿನವರು, ಇನ್ನೊಂದು ಬದಿಗೆ ಶ್ರೀನಿವಾಸಪುರದವರು. ನಡುವೆ ಪೊಲೀಸರು. ವೇದಿಕೆಯ ಮೇಲೆ ಒಂದು ತಗಡಿನ ಪೆಟ್ಟಿಗೆ, ಅದಕ್ಕೆ ಹೊಸ ಬೀಗ. ಬೆಂಗಳೂರಿನಿಂದ ಬರಬೇಕಾದ ವೀಕ್ಷಕರು ಬರುವುದು ತಡವಾಯಿತು. ಕಾದು ಕಾದು ಮಧ್ಯಾಹ್ನ ತಿರುಗಿತು. ಕೊನೆಗೆ ಬಿಳಿ ಕಾರಿನಲ್ಲಿ ಬಂದ ಅವರು ವೆಂಕಟರಮಣಪ್ಪನನ್ನೂ ಕೋದಂಡರಾಮಪ್ಪನನ್ನೂ ಪಕ್ಕದ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು. ಹೊರಗೆ ಬಂದಾಗ ಇಬ್ಬರ ಮುಖವೂ ಒಂದೇ ರೀತಿ ಬಾಡಿತ್ತು.

ವೀಕ್ಷಕರು ಮೈಕಿನ ಮುಂದೆ ನಿಂತು, ಪಕ್ಷದಲ್ಲಿ ಒಗ್ಗಟ್ಟು ಮುಖ್ಯ, ಸೋದರರ ನಡುವೆ ಸ್ಪರ್ಧೆ ಬೇಡ, ಎಂದರು. ಆಮೇಲೆ ಒಂದೇ ಸಾಲಿನ ನಿರ್ಣಯ ಓದಿದರು. ಅಭ್ಯರ್ಥಿಯನ್ನು ಆರಿಸುವ ಅಧಿಕಾರವನ್ನು ಈ ಸಮಾವೇಶ ಸರ್ವಾನುಮತದಿಂದ ಹೈಕಮಾಂಡಿಗೆ ಒಪ್ಪಿಸುತ್ತದೆ.

"ಒಪ್ಪಿಗೆ ಇರೋರು ಕೈ ಎತ್ತಿ."

ವೆಂಕಟರಮಣಪ್ಪ ಕೈ ಎತ್ತಿದರು. ಅವರನ್ನು ನೋಡಿ ಅವರ ಕಡೆಯವರು ಎತ್ತಿದರು. ಆ ಬದಿಯಲ್ಲೂ ಹಾಗೆಯೇ. ಚನ್ನರಾಯಪ್ಪನೂ ಎತ್ತಿದ. ಎತ್ತಿದ ಮೇಲೆ ಅವನಿಗೆ, ಹಾಗಾದರೆ ನಮ್ಮನ್ನು ಯಾಕೆ ಕರೆಸಿದರು ಎಂದು ಅನ್ನಿಸಿತು. ತಗಡಿನ ಪೆಟ್ಟಿಗೆಯನ್ನು ಇಬ್ಬರು ಬಂದು ಹಾಗೇ ಎತ್ತಿಕೊಂಡು ಹೋದರು.

ಜನ ಏಳುತ್ತಿರುವಾಗ ಪೆದ್ದಪ್ಪ ಅವನ ತೋಳು ಹಿಡಿದುಕೊಂಡ.

"ಚನ್ನರಾಯಪ್ಪ, ನಿನ್ನ ಬಾಮೈದ ನೆನ್ನೆ ತೋಟದ ಹತ್ರ ಬಂದಿದ್ದ. ನಿನ್ನ ಮಗು ಇಲ್ಲೇ ದೊಡ್ಡಾಸ್ಪತ್ರೇಲಿ ಅದೆ. ಹೋಗು."

"ನೆನ್ನೆ?"

"ನೆನ್ನೆ ಬೆಳಿಗ್ಗೆ. ನಾನು ಹೇಳ್ಬೇಕಾಗಿತ್ತು. ಹೇಳ್ಲಿಲ್ಲ."

ಚನ್ನರಾಯಪ್ಪ ಅವನ ಮುಖವನ್ನು ನೋಡಿದ. ಚೀಲ ಅಲ್ಲೇ ಬಿಟ್ಟು ಓಡಿದ. ಛತ್ರದಿಂದ ಆಸ್ಪತ್ರೆ ಒಂದು ಬೀಡಿ ಸೇದುವಷ್ಟು ಹೊತ್ತಿನ ದಾರಿ. ಬೆಳಿಗ್ಗೆಯಿಂದ ಅವನು ಅಷ್ಟು ಹತ್ತಿರದಲ್ಲಿ ಕೂತಿದ್ದ.

ವಾರ್ಡಿನ ಹೊರಗಿನ ಜಗಲಿಯಲ್ಲಿ ಭಾರತಮ್ಮ ಗೋಡೆಗೆ ಒರಗಿ ಕೂತಿದ್ದಳು. ತೊಡೆಯ ಮೇಲೆ ಮಗುವಿತ್ತು, ಸೀರೆಯ ಸೆರಗಿನಲ್ಲಿ ತಲೆಯವರೆಗೂ ಸುತ್ತಿದ್ದಳು. ಪಾದಗಳು ಮಾತ್ರ ಹೊರಗೆ ಕಾಣುತ್ತಿದ್ದವು. ಮುನಿಕೃಷ್ಣಪ್ಪ ಮೆಟ್ಟಿಲ ಮೇಲೆ ತಲೆ ಹಿಡಿದುಕೊಂಡು ಕೂತಿದ್ದವನು, ಭಾವನನ್ನು ಕಂಡು ಎದ್ದು ನಿಂತ. ಬೆಳಿಗ್ಗೆ ಛತ್ರದ ಬಾಗಿಲಿಗೂ ಹೋಗಿದ್ದ, ಪೊಲೀಸರು ಒಳಗೆ ಬಿಟ್ಟಿರಲಿಲ್ಲ. ಈಗ ಊರಿಗೆ ಒಯ್ಯಲು ಗಾಡಿ ಹುಡುಕಿ, ಸಿಗದೆ, ಆಗಷ್ಟೇ ವಾಪಸು ಬಂದಿದ್ದ.

ಚನ್ನರಾಯಪ್ಪ ಹೆಂಡತಿಯ ಎದುರು ನೆಲದ ಮೇಲೆ ಕೂತ. ಕೈ ಚಾಚಿದ. ಅವಳು ಮಗುವನ್ನು ಕೊಡಲಿಲ್ಲ.

"ನೆನ್ನೆ ಸಂಜೆ ಒಂದ್ಸಲ ಕಣ್ಣು ಬಿಟ್ಳು," ಎಂದಳು ಭಾರತಮ್ಮ. "ಅಪ್ಪ ಅಂದ್ಳು. ಬರ್ತಾರೆ ಅಂದೆ. ಆಮೇಲೆ ಮಾತಿಲ್ಲ."

"ನನಗೆ ಹೇಳ್ಲಿಲ್ಲ ಕಣೇ. ಒಬ್ರೂ ಹೇಳ್ಲಿಲ್ಲ."

"ನಾನು ಹೇಳಿದ್ನಲ್ಲ. ಮೈ ಬೆಚ್ಚಗದೆ ಅಂತ ಹೇಳಿದ್ನಲ್ಲ."

ಅವನು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ.

ಸ್ವಲ್ಪ ಹೊತ್ತಿಗೆ ಕದಿರೇಶ ಜೀಪು ತಂದು ಆಸ್ಪತ್ರೆ ಗೇಟಿನಲ್ಲಿ ನಿಲ್ಲಿಸಿದ. ಸಾಹುಕಾರರು ಕಳಿಸಿದ್ದರು. ಮುನಿಕೃಷ್ಣಪ್ಪ ಅವನನ್ನು ಕಂಡು ಕಲ್ಲು ಎತ್ತಿಕೊಂಡ. ಚನ್ನರಾಯಪ್ಪ ಬಾಮೈದನ ಕೈ ಹಿಡಿದು ಕಲ್ಲು ಬಿಡಿಸಿದ. ಭಾರತಮ್ಮ ಎದ್ದು, ಜೀಪಿನ ಕಡೆ ತಿರುಗಿಯೂ ನೋಡದೆ ರಸ್ತೆಗೆ ನಡೆದಳು. ಸಂತೆಗೆ ಟೊಮೇಟೊ ಇಳಿಸಿ ಶ್ರೀನಿವಾಸಪುರದ ಕಡೆ ಖಾಲಿ ಹೋಗುತ್ತಿದ್ದ ಲಾರಿಯೊಂದು ನಿಂತಿತು. ಡ್ರೈವರು ವಿಷಯ ತಿಳಿದು, ಟಾರ್ಪಾಲು ಹಾಸಿಕೊಟ್ಟ. ಮೂವರೂ ಹಿಂದೆ ಕೂತರು. ಮಗುವನ್ನು ಹೊಲದ ಮೂಲೆಯಲ್ಲಿ ಹೂಳಿದರು.

ತಿಥಿ ಮುಗಿದ ಮೇಲೆ ವೆಂಕಟರಮಣಪ್ಪ ಮುದ್ದೇಪಲ್ಲಿಗೆ ಬಂದರು. ಈ ನಡುವೆ ಹೈಕಮಾಂಡಿನಿಂದ ಹೆಸರು ಬಂದಿತ್ತು. ಅವರದ್ದೂ ಅಲ್ಲ, ಕೋದಂಡರಾಮಪ್ಪನದ್ದೂ ಅಲ್ಲ. ಜಿಲ್ಲೆಯಲ್ಲಿ ಯಾರೂ ಕಂಡಿರದ, ಬೆಂಗಳೂರಿನ ಒಬ್ಬ ಕಂಟ್ರಾಕ್ಟರದ್ದು. ಸಾಹುಕಾರರು ಸೋತು ಇಳಿದುಹೋದಂತೆ ಕಾಣುತ್ತಿದ್ದರು. ಜಗಲಿಯ ಮೇಲೆ ಕೂತು, "ನನಗೂ ಮಕ್ಕಳಿದಾವೆ ಚನ್ನರಾಯಪ್ಪ. ನಿನ್ನ ಸಂಕಟ ನನಗೆ ಅರ್ಥ ಆಗುತ್ತೆ. ಮಾರ್ಕೆಟ್ ಕಮಿಟಿಗೆ ನಿನ್ನ ಹೆಸ್ರು ಕಳಿಸ್ತೀನಿ," ಎಂದರು.

ಚನ್ನರಾಯಪ್ಪ ಕಂಬಕ್ಕೆ ಒರಗಿ ನಿಂತಿದ್ದ. "ಒಂದು ಮಾತು ಕೇಳ್ತೀನಣ್ಣ. ಮುನಿಕೃಷ್ಣ ಗೇಟಿಗೆ ಬಂದಾಗ ಕದಿರೇಶ ಒಳಕ್ಕೆ ಹೋಗಿ ಬಂದ್ನಂತೆ. ಒಳಗೆ ನೀವಿದ್ರಾ?"

ವೆಂಕಟರಮಣಪ್ಪ ತಮ್ಮ ಕೈಯನ್ನೇ ನೋಡುತ್ತಾ ಕೂತರು. ಮನೆಯ ಒಳಗೆ ಪಾತ್ರೆಯ ಸದ್ದು ನಿಂತಿತು.

"ಒಂದು ದಿನ ತಾನೇ ಅಂದ್ಕೊಂಡೆ," ಎಂದರು ಕೊನೆಗೆ. "ಮಕ್ಳಿಗೆ ಜ್ವರ ಬರುತ್ತೆ, ಹೋಗುತ್ತೆ. ನೀನು ಹೋದ್ರೆ ನಿನ್ನ ಹಿಂದೆ ಇನ್ನಿಬ್ರು ಹೋಗ್ತೀವಿ ಅಂತಿದ್ರು."

"ನಾನೂ ಹಂಗೇ ಅಂದ್ಕೊಂಡು ಜೀಪು ಹತ್ತಿದ್ದು," ಎಂದ ಚನ್ನರಾಯಪ್ಪ. "ಇನ್ನು ಹೋಗ್ಬನ್ನಿ."

ಆಮೇಲೆ ಅವನು ಅಂಥ ಸಭೆಗೆ ಹೋಗಲಿಲ್ಲ. ಹೆಂಡತಿಯ ಜೊತೆ ಒಂದು ವರ್ಷ ಬೇಕಾದಷ್ಟೇ ಮಾತು. ಉಪ್ಪು, ನೀರು, ಸೊಪ್ಪು, ಇಷ್ಟೇ. ನಿಧಾನವಾಗಿ ಅದು ಸ್ವಲ್ಪ ಸಡಿಲಾಯಿತು. ಇನ್ನೊಂದು ಮಗುವಾಗಲಿಲ್ಲ.

ಎಂಬತ್ತಮೂರರ ಹೊತ್ತಿಗೆ ರಾಜ್ಯದಲ್ಲಿ ಸರ್ಕಾರ ಬದಲಾಗಿ, ಪಕ್ಷ ಮತ್ತೆ ಹಳ್ಳಿಗಳ ಕಡೆ ತಿರುಗಿತು. ಮತ್ತೆ ಸಮಾವೇಶ, ಮತ್ತೆ ಪ್ರತಿನಿಧಿಗಳು. ಶಾಲೆಯ ಜಗಲಿಯ ಮೇಲೆ ಜನ ಸೇರಿದರು. ಆ ಸಲ ಚನ್ನರಾಯಪ್ಪ ಕರೆಯದೆಯೇ ಹೋದ. ತಾಲೂಕಿನಿಂದ ಬಂದವರು ಹೆಸರು ಸೂಚಿಸಿ ಎಂದಾಗ ಎದ್ದು ನಿಂತ.

"ನಂದು ಏನಾಯ್ತು ಅಂತ ನಿಮಗೆಲ್ಲಾ ಗೊತ್ತು. ನಾಲ್ಕು ದಿನ ನನ್ನ ದನ ಕೂಡಿದಂಗೆ ಕೂಡಿದ್ರು, ಹೊಟ್ಟೆ ತುಂಬಾ ಹಾಕಿದ್ರು, ನಾನೂ ತಿಂದೆ. ನನ್ನ ಮಗು ಸಾಯೋ ಹೊತ್ತಿನಲ್ಲಿ ಕೈ ಎತ್ತಿದೆ. ಆ ಕೈಗೆ ಬೆಲೇನೂ ಇರ್ಲಿಲ್ಲ. ಈ ಊರಿಂದ ಯಾರನ್ನ ಕಳಿಸ್ಬೇಕು ಅಂತ ನಿಮಗಿದ್ಯೋ, ಅವ್ರ ಮನೇಲಿ ಕೇಳಿ ಕಳಿಸಿ."

ಯಾರೂ ಯಾರ ಹೆಸರನ್ನೂ ಹೇಳಲಿಲ್ಲ. ಒಬ್ಬೊಬ್ಬರೇ ಎದ್ದು ಹೋದರು. ತಾಲೂಕಿನವರು ಕಾಗದಗಳನ್ನು ಮಡಚಿಕೊಂಡು ಜೀಪು ಹತ್ತಿದರು.

ಕೆಲವು ವಾರದ ನಂತರ ಮುನಿಕೃಷ್ಣಪ್ಪ ಯಲ್ದೂರಿನಿಂದ ಬಂದು ಜಗಲಿಯ ಮೇಲೆ ಕೂತ. ಸಮಾವೇಶ ಮುಗಿದಿತ್ತು. ಮುದ್ದೇಪಲ್ಲಿಯಿಂದಲೂ ಒಬ್ಬ ಪ್ರತಿನಿಧಿ ಹೋಗಿದ್ದ, ವೇದಿಕೆಯಲ್ಲಿ ಊರಿನ ಹೆಸರು ಕೂಗಿದಾಗ ಎದ್ದು ನಿಂತು ಕೈ ಮುಗಿದಿದ್ದ ಎಂದು ಅವನು ಹೇಳಿದ.

"ನಮ್ಮೂರಿಂದ ಯಾರೂ ಹೋಗ್ಲಿಲ್ವಲ್ಲೋ," ಎಂದ ಚನ್ನರಾಯಪ್ಪ.

"ಊರಿನೋರು ಆರಿಸ್ದಿದ್ರೆ ತಾಲೂಕು ಕಮಿಟೀನೇ ತುಂಬ್ಬೋದಂತೆ ಭಾವ. ಕದಿರೇಶನ್ನ ಹಾಕಿದಾರೆ."

ಭಾರತಮ್ಮ ಒಳಗಿನಿಂದ ಇಬ್ಬರಿಗೂ ಕಾಫಿ ತಂದಿಟ್ಟಳು. ಅವಳಿಗೂ ಕೇಳಿಸಿತ್ತು.

"ಅವನಿಗೆ ಮಕ್ಕಳಿದಾವೇನೋ?" ಎಂದು ತಮ್ಮನನ್ನು ಕೇಳಿದಳು.

"ಇಬ್ರು ಅಕ್ಕ. ಚಿಕ್ಕದು ಈಗ ಸ್ಕೂಲಿಗೆ ಸೇರ್ತು ಅಂದ್ರು."

ಅವಳು ಸೆರಗಿಗೆ ಕೈ ಒರೆಸಿಕೊಂಡಳು.

"ಹೋಗುವಾಗ ಅವನ ಮನೇಲಿ ಕೇಳಿ ಹೋದ್ನಾ ಅಂತ, ಅಷ್ಟೇ," ಎಂದು ಒಳಗೆ ಹೋದಳು.